ಕಲ್ಲಿನ ಮೇಲೆ ಬಿಟ್ಟಿದ್ದ ಜಾಗ

ಆ ದಿನದ ಬೆಳಿಗ್ಗೆಯೂ ಎಂದಿನಂತೆಯೇ ಇತ್ತು. ಗಂಡನ ಡಬ್ಬಿಗೆ ಚಪಾತಿ, ಮಗಳಿಗೆ ಬ್ರೆಡ್ಡು ಆಮ್ಲೆಟ್ಟು, ಹೊರಗೆ ಸ್ಕೂಲ್ ಬಸ್ಸಿನ ಹಾರ್ನು, ಒಳಗೆ ಒಂದು ಸಾಕ್ಸ್ ಕಾಣುವುದಿಲ್ಲ ಎಂಬ ರಾಗ. ಇಬ್ಬರೂ ಹೋದ ಮೇಲೆ ಎಸಿಯ ಕೆಳಗಿಟ್ಟ ಬಕೆಟ್ಟಿನ ನೀರನ್ನು ಕರಿಬೇವಿನ ಗಿಡಕ್ಕೆ ಹೊಯ್ದು, ಕುಚ್ಚಲಕ್ಕಿ ತೊಳೆದು ಒಲೆಗಿಟ್ಟೆ. ಸೆಪ್ಟೆಂಬರ್ ಬಂದಿದ್ದರೂ ಗಲ್ಫಿನ ಈ ಐನ್ ಖಾಲಿದ್‌ನ ಗಾಳಿ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟುತ್ತಿತ್ತು. ಆ ತಿಂಗಳಲ್ಲಿ ಹಾಸಿಗೆಯಿಂದ ಏಳುವಾಗಲೇ ಸುಸ್ತು.

ಹತ್ತು ಗಂಟೆಯ ಹೊತ್ತಿಗೆ ಪಕ್ಕದ ವಿಲ್ಲಾದ ಅಜ್ಜಿ ಕಾಫಿಗೆ ಬರುವುದು ರೂಢಿ. ಫಿನ್ಲೆಂಡಿನವರು, ಎಂಬತ್ತು ದಾಟಿದವರು. ಮಗ ಸಮುದ್ರದ ನೀರನ್ನು ಸಿಹಿ ಮಾಡುವ ಪ್ಲಾಂಟಿನಲ್ಲಿ ಇಂಜಿನಿಯರ್; ತಾಯಿಯನ್ನು ಆ ಚಳಿಯಲ್ಲಿ ಒಬ್ಬರನ್ನೇ ಬಿಡಲಾರದೆ ಇಲ್ಲಿಗೆ ಕರೆತಂದಿದ್ದರು. ಮೊದಲ ಸಲ ನಾನು ಆಂಟಿ ಎಂದಾಗ, "ನನಗೆ ಅಣ್ಣನೂ ಇಲ್ಲ, ತಂಗಿಯೂ ಇಲ್ಲ. ಆಂಟಿ ಹೇಗಾದೆ?" ಎಂದು ಕೇಳಿದ್ದರು. ಆದರೂ ನನ್ನ ಬಾಯಿಗೆ ಬರುವುದು ಅದೇ. ಅವರ ಇಂಗ್ಲಿಷು ಬಹಳ ನಿಧಾನ. ನನ್ನದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು. ಇಬ್ಬರಿಗೂ ಅವಸರವಿರಲಿಲ್ಲವಾದ್ದರಿಂದ ಮಾತು ನಡೆಯುತ್ತಿತ್ತು.

ಅವತ್ತು ಅವರು ಕಪ್ಪು ಕಾಫಿಯನ್ನು ಮುಟ್ಟಲಿಲ್ಲ. ತೋಳಿಲ್ಲದ ಉಡುಪಿನ ಮೇಲೆ ಉಣ್ಣೆಯ ಶಾಲು ಹೊದ್ದು ಬಂದಿದ್ದರು, ಆ ಸೆಕೆಯಲ್ಲಿ.

"ಅಪ್ಪ ಸಿಕ್ಕಿದರು," ಎಂದರು.

ಅಪ್ಪನ ಕಥೆ ನನಗೆ ತುಂಡು ತುಂಡಾಗಿ ಗೊತ್ತಿತ್ತು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು ಅವರು, ಆಮೇಲೆ ಕೆಂಪು ಬಾವುಟದವರ ನಾಯಕರಾದರು. ಕೆಲವೇ ತಿಂಗಳು ಅವರ ಪಕ್ಷದ ಕೈಯಲ್ಲಿ ಸರ್ಕಾರವಿತ್ತಂತೆ. ದೇಶದೊಳಗಿನ ಅಂತರ್ಯುದ್ಧದಲ್ಲಿ ಸೋತಾಗ ಹೆಂಡತಿ ಮಗಳನ್ನು ರೈಲು ಹತ್ತಿಸಿಕೊಂಡು ಗಡಿ ದಾಟಿ ರಷ್ಯಾಕ್ಕೆ ಹೋದರು. ಅಲ್ಲಿ ಒಂದು ಹಳೆಯ ಹೋಟೆಲಿನಲ್ಲಿ ದೇಶ ಬಿಟ್ಟ ನಾಯಕರೆಲ್ಲ ಕೋಣೆಗೊಂದು ಸಂಸಾರ. "ಗಂಡಸರು ಹಾಲ್‌ನಲ್ಲಿ ಕೂತು ಕ್ರಾಂತಿ ಯಾರಿಂದ ಸೋತಿತು ಅಂತ ಜಗಳ. ಹೆಂಗಸರು ಕಾರಿಡಾರಿನಲ್ಲಿ, ಇದ್ದ ಒಂದೇ ಸ್ಟವ್ ಯಾರ ಸರದಿ ಅಂತ. ಹೆಂಗಸರದ್ದು ಬೇಗ ಮುಗಿಯುತ್ತಿತ್ತು," ಎಂದು ಹಿಂದೊಮ್ಮೆ ಹೇಳಿ ನಗಿಸಿದ್ದರು.

ಆ ಕೋಣೆಯಲ್ಲಿ ಕಪಾಟು ಇರಲಿಲ್ಲ. ಬಟ್ಟೆಯೆಲ್ಲ ಪೆಟ್ಟಿಗೆಯಲ್ಲೇ. ಅಮ್ಮ ಒಂದು ಕಪಾಟು ತೆಗೆದುಕೊಳ್ಳೋಣ ಎಂದಾಗಲೆಲ್ಲ ಅಪ್ಪ, "ಯಾಕೆ? ವಸಂತಕ್ಕೆ ಹೇಗೂ ಊರಿಗೆ ಹೋಗುತ್ತೇವಲ್ಲ," ಎನ್ನುತ್ತಿದ್ದರು. ಎಷ್ಟೋ ವಸಂತಗಳು ಹಾಗೆ ಹೋದವು. ಅಪ್ಪ ಮರ ಕಡಿಯುವ ಫಿನ್ನಿಷ್ ಕೂಲಿಗಳಿಗೆ ಓದು ಕಲಿಸಿದರು, ಪತ್ರಿಕೆ ನಡೆಸಿದರು, ರಷ್ಯನ್ ಭಾಷೆಯನ್ನು ಕೊನೆಯವರೆಗೂ ತಪ್ಪಾಗಿಯೇ ಮಾತಾಡಿದರು. ಕೊನೆಗೆ ಅಮ್ಮ, ತನ್ನ ತಾಯಿಗೆ ಕಾಯಿಲೆ ಎಂಬ ನೆಪದಿಂದ ಮಗಳನ್ನು ಕರೆದುಕೊಂಡು ಊರಿಗೆ ಮರಳಿದರು. ಅಪ್ಪ ಬಂದರೆ ಜೈಲು. ಕೆಲವು ವರ್ಷ ಕಾಗದ ಬಂತು, ಆಮೇಲೆ ಅದೂ ನಿಂತಿತು.

ಈ ಕಥೆ ಕೇಳುವಾಗಲೆಲ್ಲ ನನ್ನ ಕಣ್ಣು ನಮ್ಮ ಬೆಡ್‌ರೂಮಿನ ಬೀರುವಿನ ಮೇಲಕ್ಕೆ ಹೋಗುತ್ತಿತ್ತು. ಟಿವಿಯದು, ಮಿಕ್ಸಿಯದು, ಟೇಪ್ ರೆಕಾರ್ಡರಿನದು, ಎಲ್ಲದರ ಖಾಲಿ ಕಾರ್ಟನ್ನು, ಥರ್ಮಾಕೋಲಿನ ಸಮೇತ. ಗಲ್ಫಿನಲ್ಲಿ ನಮ್ಮವರು ಯಾರೂ ಕಾರ್ಟನ್ ಬಿಸಾಡುವುದಿಲ್ಲ, ಊರಿಗೆ ಕಟ್ಟಲಿಕ್ಕೆ ಬೇಕಲ್ಲ. ಒಂದು ಒಳ್ಳೆಯ ಮಂಚ ತೆಗೆಯುವ ಎಂದರೆ ನನ್ನ ಗಂಡನದ್ದೂ ಅದೇ ಮಾತು: ಇನ್ನೆರಡು ವರ್ಷ, ಖಲಾಸ್, ಯಾಕೆ ಸುಮ್ಮನೆ? ಮಗಳು ಹುಟ್ಟುವ ಮೊದಲೂ ಇನ್ನೆರಡೇ ವರ್ಷ ಇತ್ತು.

ಈಗ ರಷ್ಯಾದ ಕೆಂಪು ಸರ್ಕಾರ ಬಿದ್ದು ಆ ದೇಶ ಒಡೆದು ಹೋದ ಮೇಲೆ ಹಳೆಯ ಸಂಗತಿಗಳು ಹೊರಬರುತ್ತಿದ್ದವು. ಅಪ್ಪ ಯಾರನ್ನು ನಂಬಿ ಊರು ಬಿಟ್ಟರೋ ಆ ರಷ್ಯಾದ ಕೆಂಪು ಬಾವುಟದವರೇ ಅವರನ್ನು ಒಂದು ಕಾಡಿನಲ್ಲಿ ಗುಂಡಿಕ್ಕಿ ಕೊಂದು, ಇತರರ ಜೊತೆ ಒಂದೇ ಗುಂಡಿಯಲ್ಲಿ ಮುಚ್ಚಿದ್ದರು. ಅದನ್ನು ತಿಳಿಸಲು ಬೆಳಿಗ್ಗೆ ಅಜ್ಜಿಗೆ ಅವರ ಊರಿನಿಂದ ಸೋದರ ಸಂಬಂಧಿಯೊಬ್ಬನ ಫೋನು.

"ಅಮ್ಮನ ಗೋರಿಯ ಕಲ್ಲಿನಲ್ಲಿ ಅವಳ ಹೆಸರಿನ ಮೇಲುಗಡೆ ಜಾಗ ಖಾಲಿ ಬಿಟ್ಟಿದೆ," ಎಂದರು. "ಅವಳೇ ಬಿಡಿಸಿದ್ದು. ಅಪ್ಪನ ಹೆಸರಿಗೆ. ಈಗ ಕೆತ್ತಿಸಲೋ ಅಂತ ಅವನು ಕೇಳುತ್ತಿದ್ದಾನೆ. ಚಳಿ ಹಿಡಿಯುವ ಮೊದಲು ಕಲ್ಲಿನವನು ಕೆಲಸ ಮುಗಿಸಬೇಕಂತೆ. ಸಂಜೆಯೊಳಗೆ ಹೇಳಬೇಕು."

"ಕೆತ್ತಿಸಿ ಆಂಟಿ. ಅದರಲ್ಲಿ ಯೋಚನೆ ಮಾಡ್ಲಿಕ್ಕೆ ಏನುಂಟು?"

"ಕಲ್ಲಿನ ತಲೆಯ ಮೇಲೆ ಶಿಲುಬೆ ಇದೆ. ಪಾದ್ರಿ ಎದುರು ಬಂದರೆ ಅಪ್ಪ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಸತ್ತರೆ ಶಿಲುಬೆಯ ಕೆಳಗೆ ಇಡಬೇಡಿ ಅಂತ ನನ್ನೆದುರೇ ಹೇಳಿದವರು. ನೀನು ಚರ್ಚಿನವಳು, ಹೇಳು, ಯಾರ ಮಾತು ನಡೆಸಲಿ?"

ನನಗೆ ನಮ್ಮೂರಿನ ಚರ್ಚಿನ ಸ್ಮಶಾನ ನೆನಪಾಯಿತು. ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ಎಲ್ಲ ಗೋರಿಗೂ ಮೇಣದ ಬತ್ತಿ ಹಚ್ಚಿ, ಮಿಕ್ಕಿದ್ದನ್ನು ಅಮ್ಮ ನನ್ನ ಕೈಗೆ ಕೊಟ್ಟು ಗೋಡೆಯ ಆಚೆಯವರಿಗೂ ಇಟ್ಟು ಬಾ ಎನ್ನುತ್ತಿದ್ದರು. ಇಗರ್ಜಿಯ ಪಾದ್ರಿ ಸ್ಮಶಾನದ ಒಳಗೆ ಹೂಳಲು ಬಿಡದವರು ಅಲ್ಲಿರುತ್ತಿದ್ದರು. ಅದನ್ನು ಹೇಳಿದೆ. ಅವರು ಕೇಳಿಸಿಕೊಂಡರು, ಆದರೆ ಅದು ಉತ್ತರವಾಗಲಿಲ್ಲ.

ಆರಿಹೋದ ಕಾಫಿಯನ್ನು ಎತ್ತಿಡುತ್ತಾ ಕೇಳಿದೆ: "ನಿಮ್ಮ ಅಮ್ಮ ಅಪ್ಪನ ಹತ್ತಿರ ಬೇರೆ ಏನಾದರೂ ಕೇಳಿದ್ದುಂಟಾ, ಆಂಟಿ?"

"ಇಲ್ಲ. ಕಪಾಟು ಒಂದೇ."

ಅನ್ನದ ಗಂಜಿ ಉಕ್ಕಿ ಒಲೆಗೆ ಚೆಲ್ಲಿತು. ನಾನು ಒರೆಸಿ ಬರುವಷ್ಟರಲ್ಲಿ ಅವರು ಎದ್ದು ಹೋಗಿದ್ದರು. ಕುರ್ಚಿಯನ್ನು ಮೇಜಿನ ಒಳಗೆ ತಳ್ಳಿಟ್ಟಿದ್ದರು, ಯಾವಾಗಲೂ ಹಾಗೆ.

ಮಧ್ಯಾಹ್ನ ನಿದ್ದೆ ಬರಲಿಲ್ಲ. ಮಗಳಿಗೆ ಕನ್ನಡದ ಕಾಗುಣಿತ ಹೇಳಿಕೊಡುತ್ತಾ ಎರಡು ಸಲ ನಾನೇ ತಪ್ಪಿದೆ. ಸಂಜೆ ಮಸೀದಿಯಲ್ಲಿ ಮಗ್ರಿಬ್ ಬಾಂಗ್ ಆಗುವ ಮೊದಲು ಒಣಗಿದ ಬಟ್ಟೆ ತೆಗೆಯಲು ಹೊರಗೆ ಹೋದಾಗ ಅಜ್ಜಿ ಕಾಂಪೌಂಡಿನ ಗೋಡೆಯ ಆಚೆ ನಿಂತಿದ್ದರು. ಶಾಲು ಹಾಗೇ ಇತ್ತು.

"ಹೆಸರು ಹಾಕಿ ಅಂದೆ," ಎಂದರು. "ಪಾದ್ರಿ ಬೇಡ, ಪ್ರಾರ್ಥನೆ ಬೇಡ. ಹೆಸರು ಮಾತ್ರ. ಅಪ್ಪನಿಗೆ ಸಿಟ್ಟು ಬಂದರೆ ಬರಲಿ. ಅವರ ಮಾತು ಬೇಕಾದಷ್ಟು ವರ್ಷ ನಡೆಯಿತು."

ಗೋಡೆ ಹಿಡಿದುಕೊಂಡು ಮೆಲ್ಲನೆ ಒಳಗೆ ಹೋದರು. ಅಷ್ಟು ಮುದುಕಿಯಾಗಿ ಅವರು ನನಗೆ ಅದುವರೆಗೆ ಕಂಡಿರಲಿಲ್ಲ.

ಎದುರು ಮನೆಯ ಬಂಟ್ವಾಳದ ಬ್ಯಾರಿ ಅಕ್ಕ ತನ್ನ ಬಟ್ಟೆ ತೆಗೆಯುತ್ತಾ ನೋಡುತ್ತಿದ್ದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರೂ ನನ್ನನ್ನು ಬಾಯಿ ಎಂದೇ ಕರೆಯುವುದು.

"ಏನು ಬಾಯಿ, ಅಜ್ಜಿಯ ಮೋರೆ ಯಾಕೆ ಹಾಗುಂಟು?"

"ಅವರ ತಂದೆ ತೀರಿಹೋದ ಸುದ್ದಿ ಬಂತು ಅಕ್ಕ."

"ಯಾ ಅಲ್ಲಾಹ್! ಇವರಿಗೇ ಇಷ್ಟು ಪ್ರಾಯ. ತಂದೆ ಇನ್ನೂ ಇದ್ದರಾ?"

"ಇಲ್ಲ, ಹೋಗಿ ಐವತ್ತು ಅರವತ್ತು ವರ್ಷ ಆಗಿರಬೇಕು. ಇವರಿಗೆ ಗೊತ್ತಾದದ್ದು ಇವತ್ತು."

ಅಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು, ಮಡಚುತ್ತಿದ್ದ ಬೆಡ್‌ಶೀಟನ್ನು ಮಡಚುತ್ತಲೇ ಹೇಳಿದರು:

"ಗೊತ್ತಾದದ್ದು ಇವತ್ತಾದರೆ ಮರಣದ ಮನೆ ಇವತ್ತೇ ಅಲ್ವಾ ಬಾಯಿ? ಅಜ್ಜಿಯನ್ನು ಒಲೆ ಹಚ್ಚಲಿಕ್ಕೆ ಬಿಡಬೇಡಿ. ಅಕ್ಕಿ ಪತ್ತಿರಿ ಮಾಡಿದ್ದೇನೆ, ಈಗ ತರ್ತೇನೆ. ಮೀನಿನ ಸಾರು ಸ್ವಲ್ಪ ಖಾರ ಆಯ್ತು, ತಿಂತಾರಾ ಅವರು?"