ರೈಲು ಹತ್ತಿದ ಬಂಡೆಹೂ

ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ಗ್ರೇಸಿಗೆ ಗಿಡಗಳ ಹುಚ್ಚು. ಮರುಭೂಮಿಯ ಕಡಿದಾದ ಬಂಡೆಗಳಲ್ಲಷ್ಟೇ ಬೆಳೆಯುವ ಅಪರೂಪದ ಹೂಗಿಡವೊಂದನ್ನು ಗಾಜು ಹಾಕಿದ ತನ್ನ ಬಾಲ್ಕನಿಯಲ್ಲಿ ಬೀಜದಿಂದ ಬೆಳೆಸಿದ್ದಳು. ಪ್ರತಿ ಬೇಸಿಗೆಯಲ್ಲೂ ನೇರಳೆ ಹೂ ಬಿಡುತ್ತಿತ್ತು, ಬೀಜ ಮಾತ್ರ ಕಟ್ಟುತ್ತಿರಲಿಲ್ಲ. ಅದಕ್ಕೆ ಅದೇ ಜಾತಿಯ ಇನ್ನೊಂದು ಗಿಡದ ಪರಾಗ ಬೇಕಿತ್ತು.

ಗಿಡಪ್ರಿಯರ ವಾಟ್ಸಾಪ್ ಗುಂಪಿನಲ್ಲಿ ವಿಚಾರಿಸಿದಾಗ, ಅಂಥದೇ ಗಿಡ ಸೋಡರ್‌ಟೆಲ್ಯೆಯಲ್ಲಿರುವ ಹಾಶಿಮ್ ಎಂಬವರ ಮನೆಯಲ್ಲಿ ಹೂ ಬಿಟ್ಟಿದೆ ಎಂದು ತಿಳಿಯಿತು. ಗ್ರೇಸಿ ಮಾರನೆಯ ದಿನವೇ ರಜೆ ಹಾಕಿ, ಕುಂಡವನ್ನು ಮಡಿಲಲ್ಲಿಟ್ಟುಕೊಂಡು ರೈಲು ಹತ್ತಿದಳು.

ಬಾಗಿಲು ತೆರೆದ ಹಾಶಿಮ್‌ನ ಹೆಂಡತಿ ಶಾಕಿರಾ ನಕ್ಕಳು. "ಬನ್ನಿ ಬನ್ನಿ, ನೀವು ಹೆಣ್ಣಿನ ಕಡೆಯವ್ರಾ, ಗಂಡಿನ ಕಡೆಯವ್ರಾ?"

"ಎರಡೂ ಕಡೆಯವಳೇ ರೀ. ಒಂದು ಸಣ್ಣ ಬ್ರಷ್ ಇದ್ಯಾ?"

ಶಾಕಿರಾ ತನ್ನ ಹೊಸ ಮೇಕಪ್ ಬ್ರಷ್ ತಂದುಕೊಟ್ಟಳು. ಗ್ರೇಸಿ ಉಸಿರು ಬಿಗಿಹಿಡಿದು ಆ ಹೂವಿನ ಪರಾಗವನ್ನು ಇದಕ್ಕೂ, ಇದರದ್ದನ್ನು ಅದಕ್ಕೂ ಸವರಿದಳು.

"ಮದ್ವೆ ಆಯ್ತಲ್ಲ, ಇನ್ನು ಊಟ ಮಾಡ್ಕೊಂಡೇ ಹೋಗ್ಬೇಕು" ಎಂದ ಹಾಶಿಮ್.

ಎರಡೂ ಮನೆಗಳಲ್ಲಿ ಕಾಯಿ ಕಟ್ಟಿತು. ಆದರೆ ಗ್ರೇಸಿ ಕೆಲಸಕ್ಕೆ ಹೋಗಿದ್ದಾಗ ಅವಳ ಗಿಡದ ಕಾಯಿಗಳು ಒಡೆದು, ದೂಳಿನಷ್ಟು ಸಣ್ಣ ಬೀಜಗಳು ಚೆಲ್ಲಾಪಿಲ್ಲಿಯಾದವು. ಎಷ್ಟು ಹುಡುಕಿದರೂ ಒಂದೂ ಸಿಗದೆ ಅವಳು ಅತ್ತೇಬಿಟ್ಟಳು.

ಈ ವಸಂತದಲ್ಲಿ ಬಾಲ್ಕನಿಯ ಇಟ್ಟಿಗೆ ಗೋಡೆಯ ಬಿರುಕಿನಲ್ಲಿ ಪುಟ್ಟ ಮೊಳಕೆಗಳು ಕಂಡವು. ಬಿರುಕು ಮುಚ್ಚಲು ಸಿಮೆಂಟ್ ಹಿಡಿದು ಬಂದ ಕಟ್ಟಡದ ಕೆಲಸಗಾರನನ್ನು ಅವಳು ಫಿಕಾಗೆ, ಅಂದರೆ ಅಲ್ಲಿನವರ ಕಾಫಿ ವಿರಾಮಕ್ಕೆ, ಕೂರಿಸಿ, ಕಾಫಿಯೊಂದಿಗೆ ಕೇಕ್ ತಿನ್ನಿಸಿ, ಸಿಮೆಂಟ್ ಸಮೇತ ವಾಪಸ್ ಕಳಿಸಿದಳು.