ಜಪಾನಿನ ಸನ್ಯಾಸಿಯೊಡನೆ ಕಲ್ಯಾಣಕ್ಕೆ

ಗುಲ್ಬರ್ಗಾದಿಂದ ನಾವು ಹೊರಟದ್ದು ಜನವರಿಯ ಒಂದು ಮುಂಜಾನೆ, ಏಳೂವರೆಯ ಬಸ್ಸಿಗೆ. ಎಪ್ಪತ್ತರ ದಶಕದ ನಡುವಿನ ಮಾತು. ನಾನು ಆಗ ಅಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನ ಜೊತೆಗಿದ್ದವರು ಕೋಶುನ್ ಎಂಬ ಝೆನ್ ಸನ್ಯಾಸಿ, ವಯಸ್ಸು ಎಪ್ಪತ್ತರ ಹತ್ತಿರ. ಶರಣರು ಕೂತು ಮಾತಾಡಿದ ಕಲ್ಯಾಣವನ್ನು ಒಮ್ಮೆ ನೋಡಬೇಕೆಂದು ಬಂದಿದ್ದರು. ಅವರ ಇಂಗ್ಲಿಷನ್ನು ಜನರಿಗೆ ಕನ್ನಡದಲ್ಲಿ ಹೇಳುವ ಕೆಲಸವನ್ನು ನಮ್ಮ ಪ್ರಿನ್ಸಿಪಾಲರು ನನಗೆ ಒಪ್ಪಿಸಿದ್ದರು.

ಹುಮನಾಬಾದಿಗೆ ಸುಮಾರು ಅರವತ್ತು ಕಿಲೋಮೀಟರು. ದಾರಿಯುದ್ದಕ್ಕೂ ತೊಗರಿ ಕೊಯ್ಲು ನಡೆದಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಊಟ ಮಾಡಿದೆವು. ಸಂಜೆ ಶಾಲೆಯೊಂದರ ಅಂಗಳದಲ್ಲಿ ಸಭೆ. ಕೋಶುನ್ ಹೇಳಿದ್ದು ಮೂರೇ ಮಾತು. “ಮನಸ್ಸು ಗೆರೆ ಎಳೆಯುತ್ತದೆ. ಈಚೆಗೆ ನಾನು, ಆಚೆಗೆ ನೀನು. ಅವು ಎರಡಲ್ಲ.” ಇಷ್ಟಕ್ಕೇ ನಿಲ್ಲಿಸಿದರೆ ಜನಕ್ಕೆ ತಿಳಿಯುವುದಿಲ್ಲವೆಂದು ನಾನು “ಎಲ್ಲವೂ ಒಂದೇ” ಎಂದು ಹೇಳಿ, ನನ್ನದೇ ಹತ್ತು ನಿಮಿಷದ ವಿವರಣೆಯನ್ನೂ ಸೇರಿಸಿದೆ. ಚಪ್ಪಾಳೆ ಬಿತ್ತು. ರಾತ್ರಿ ನೆಮ್ಮದಿಯಿಂದ ಮಲಗಿದೆ.

ಮರುದಿನ ಬಸವಕಲ್ಯಾಣದ ಬಸ್ಸು ರಾಜೇಶ್ವರದ ಹತ್ತಿರ ಕೆಟ್ಟು ನಿಂತಿತು. “ಬ್ಯಾರೆ ಬಸ್ ಬರೋತನಾ ಎರಡು ತಾಸಾದ್ರೂ ಬೇಕ್ರಿ” ಎಂದ ಕಂಡಕ್ಟರ್. ಚಳಿಗಾಳಿ ಬೀಸುತ್ತಿತ್ತು. ರಸ್ತೆಯಿಂದ ಸ್ವಲ್ಪ ದೂರದಲ್ಲಿ ಕುರಿಹಟ್ಟಿಯೊಂದು ಕಂಡಿತು. ಬಿಸಿ ಚಹಾ ಸಿಕ್ಕೀತೆಂದು ಅಲ್ಲಿಗೆ ನಡೆದೆವು.

ಹಟ್ಟಿಯ ನಡುವೆ ಮುಳ್ಳಿನ ಬೇಲಿ. ಈಚೆಗೆ ಹಿರಿಯ ಸೊಸೆ ಈರಮ್ಮ, ಆಚೆಗೆ ಕಿರಿಯ ಸೊಸೆ ಕಾಶಮ್ಮ. ಅಣ್ಣತಮ್ಮಂದಿರಾದ ಅವರ ಗಂಡಂದಿರು ಬೇರೆಯಾಗಿ ವರ್ಷವಾಗಿತ್ತು. ಆವತ್ತಿನಿಂದ ಇವರಿಬ್ಬರಿಗೂ ಮಾತಿರಲಿಲ್ಲ. ಗಂಡಸರು ಕುರಿ ಹೊಡೆದುಕೊಂಡು ದೂರ ಹೋಗಿದ್ದರು. ಆ ಬೆಳಿಗ್ಗೆ ಕಾಶಮ್ಮನ ಕುರಿ ಈದು ಸತ್ತಿತ್ತು, ಮರಿ ಉಳಿದಿತ್ತು. ಈರಮ್ಮನ ಕುರಿ ಸತ್ತ ಮರಿಯನ್ನು ಹಾಕಿ, ಕೆಚ್ಚಲು ತುಂಬಿ ಒದರುತ್ತಿತ್ತು. ಇದನ್ನೆಲ್ಲ ನಮಗೆ ಹೇಳಿದವನು ಅವರ ಮಾವ ಬೀರಪ್ಪ. ಇಬ್ಬರಿಗೂ ಹೇಳಿ ಹೇಳಿ ಆತ ಸೋತಿದ್ದ.

“ಅಕಿ ಮರಿಗಿ ನನ್ನ ಕುರಿ ಹಾಲ್ಯಾಕ ಕೊಡ್ಲಿ?” ಎಂದಳು ಈರಮ್ಮ.

“ಇವತ್ತ ಹಾಲು ಕುಡಸ್ತಾಳ, ನಾಳೆ ಮರಿ ನಂದ ಅಂತಾಳ್ರಿ” ಎಂದು ಬೇಲಿಯಾಚೆಯಿಂದ ಕಾಶಮ್ಮ ನನಗೆ ಹೇಳಿದಳು.

ಹಿಂದಿನ ಸಂಜೆಯ ಚಪ್ಪಾಳೆ ನನ್ನ ತಲೆಯಲ್ಲಿ ಇನ್ನೂ ಇತ್ತು. “ನೋಡವ್ವಾ, ಈ ಸ್ವಾಮಿಗಳು ಎಲ್ಲವೂ ಒಂದೇ ಅಂತ ಹೇಳ್ತಾರೆ” ಎಂದು ಶುರುಮಾಡಿದೆ.

ಈರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಒಂದ ಆಗಿದ್ರ ನಾವು ಬ್ಯಾರೆ ಯಾಕ ಆಗ್ತಿದ್ವಿ ಸಾಹೇಬ್ರ?”

ಏನು ನಡೆಯಿತೆಂದು ಕೋಶುನ್ ಕೇಳಿದರು. ಮುಚ್ಚಿಡದೆ ಹೇಳಿದೆ. “ಆಕೆ ಹೇಳಿದ್ದು ಸರಿ,” ಎಂದರು ಕೋಶುನ್. “ನಾನು ಒಂದು ಎನ್ನಲಿಲ್ಲವಲ್ಲ. ಎರಡಲ್ಲ ಎಂದೆ.” ಆ ವ್ಯತ್ಯಾಸ ನನಗೆ ಹೊಳೆಯಲಿಲ್ಲ. ಹಿಂದಿನ ದಿನ ನನ್ನ ಮಾತನ್ನು ಅವರ ಬಾಯಿಗೆ ಹಾಕಿದ್ದೆ ಎಂಬುದು ಮಾತ್ರ ತಿಳಿಯಿತು.

ಕೋಶುನ್ ಬೇಲಿಯ ಸಂದಿಯಲ್ಲಿ ತೂರಿ ಕಾಶಮ್ಮನ ಕಡೆಗೆ ಹೋಗಿ, ಮೈಮೇಲಿನ ಶಾಲನ್ನು ತೆಗೆದು ನಡುಗುತ್ತಿದ್ದ ಮರಿಗೆ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ನೆಲದಲ್ಲೇ ಕುಳಿತರು. ಮರಿಯ ದನಿ ಕ್ಷೀಣವಾಗುತ್ತ ಬಂತು. ಗಾಳಿಗೆ ಮುದುಕರ ತುಟಿಯೂ ಅದುರತೊಡಗಿತು.

“ಈ ಅಜ್ಜಾರು ಥಂಡ್ಯಾಗ ಸಾಯ್ತಾರ ನೋಡ್ರಿ!” ಎಂದು ಈರಮ್ಮ ಗದರಿ ಎದ್ದಳು. ಆಕೆಯೂ ಬೇಲಿ ದಾಟಿದಳು. ಮರಿಗೆ ಕೈ ಚಾಚಿ, ಕಾಶಮ್ಮನ ಕಡೆ ನೋಡದೆಯೇ ನಿಂತಳು. ಕಾಶಮ್ಮ ಬೇಡವೆನ್ನಲಿಲ್ಲ. ಈರಮ್ಮ ಮರಿಯನ್ನು ಎತ್ತಿಕೊಂಡು, ಶಾಲನ್ನು ಕೋಶುನ್ ಅವರ ಹೆಗಲಿಗೆ ಎಸೆದು, ತನ್ನ ಕಡೆಗೆ ಮರಳಿದಳು.

ಬೀರಪ್ಪ ಆಗಲೇ ಚಾಕು ತೆಗೆದಿದ್ದ. ಕುರಿಗೆ ತನ್ನ ಮರಿಯದೇ ವಾಸನೆ ಬರಲೆಂದು ಸತ್ತ ಮರಿಯ ಚರ್ಮವನ್ನು ಬಿಡಿಸಿ, ಬದುಕಿದ ಮರಿಗೆ ಅಂಗಿಯಂತೆ ತೊಡಿಸಿ ದಾರ ಕಟ್ಟಿದ. ಕುರಿ ಮೂಸಿತು, ತಲೆಯಿಂದ ಗುದ್ದಿತು. ಮರಿ ಬಿದ್ದು ಮತ್ತೆ ಎದ್ದಿತು. ನಾವು ಐದೂ ಮಂದಿ ಅದನ್ನೇ ನೋಡುತ್ತ ನಿಂತಿದ್ದೆವು. ಕುರಿ ಇನ್ನೊಮ್ಮೆ ಬಾಲದ ಕಡೆ ಮೂಸಿ ಸುಮ್ಮನಾಯಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಬೇಲಿಯಾಚೆ ಕಾಶಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಈಗ ಇದು ಯಾರ ಮರಿ?” ಎಂದು ಕೇಳಿದೆ.

“ಹಾಲು ಕುಡ್ಯಾಕತ್ತದ, ಸುಮ್ಮನಿರ್ರಿ” ಎಂದಳು ಈರಮ್ಮ.

ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಸ್ಸು ಬಂತು. ಬಸವಕಲ್ಯಾಣದಲ್ಲಿ ಮೂರು ದಿನ ಇದ್ದೆವು. ಕೋಟೆ, ಕೆರೆ, ಕಲ್ಲುಗವಿಗಳನ್ನು ನೋಡಿದೆವು. ಅಲ್ಲಿನ ಸಭೆಯಲ್ಲಿ “ಎರಡಲ್ಲ” ಎಂದಷ್ಟೇ ಹೇಳಿ ನಿಲ್ಲಿಸಿದೆ. “ಹಂಗಾದ್ರ ಒಂದೇನ್ರಿ?” ಎಂದು ಮುಂದೆ ಕುಳಿತಿದ್ದ ವ್ಯಾಪಾರಿಯೊಬ್ಬರು ಕೇಳಿದರು. ಉತ್ತರ ಗೊತ್ತಿಲ್ಲವೆಂದು ಒಪ್ಪಿಕೊಂಡು, ರಾಜೇಶ್ವರದಲ್ಲಿ ಕಂಡದ್ದನ್ನು ಹೇಳಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ವ್ಯಾಪಾರಿ ಮಾತ್ರ ಸಭೆ ಮುಗಿದ ಮೇಲೆ ಬಂದು, “ಮರಿ ಉಳೀತೇನ್ರಿ?” ಎಂದು ವಿಚಾರಿಸಿದರು.

ಅದನ್ನು ತಿಳಿಯಲೆಂದೇ ಹಿಂತಿರುಗುವಾಗ ರಾಜೇಶ್ವರದಲ್ಲಿ ಇಳಿದೆವು. ಮರಿ ಬರಿಮೈಯಲ್ಲಿ ಕುರಿಯ ಹಿಂದೆ ಓಡಾಡುತ್ತಿತ್ತು. “ನಿನ್ನೆ ಚರ್ಮ ಬಿಚ್ಚೀವ್ರಿ. ಆದ್ರೂ ಕುರಿ ಅದನ್ನ ಬಿಡವಲ್ದು” ಎಂದಳು ಈರಮ್ಮ.

“ನೆಗೆಣ್ಣಿ ಕಾಶಮ್ಮ ಮಾತಾಡ್ತಾಳೇನು?” ಎಂದು ಕೇಳಿದೆ.

“ಎಲ್ಲೀದ್ರಿ! ದಿನಾ ಎರಡು ಸಲ ಮರಿ ನೋಡಾಕ ಬರ್ತಾಳ. ಮಾರಿ ಆ ಕಡೆ ಮಾಡ್ಕೊಂಡ ನಿಂದರ್ತಾಳ. ನಾನೂ ಮಾತಾಡ್ಸಂಗಿಲ್ಲ. ಆದ್ರ ಅಕಿ ಬರೂತನಾ ನನಗ ರೊಟ್ಟಿ ಇಳಿಯಂಗಿಲ್ಲ ನೋಡ್ರಿ.”

ಅವಳೇನು ಹೇಳಿದಳೆಂದು ಕೋಶುನ್ ಕೇಳಿದರು. ಒಂದು ಮಾತೂ ಸೇರಿಸದೆ, ಒಂದನ್ನೂ ಬಿಡದೆ ಹೇಳಿದೆ. ಅವರು ಕೈಜೋಡಿಸಿ ಈರಮ್ಮನಿಗೆ ಸೊಂಟ ಬಾಗಿಸಿ ನಮಸ್ಕರಿಸಿದರು. ಆಕೆ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು.

“ಅಯ್ಯ, ನಾ ಏನ್ ಅಂದೆ ಅಂತ ಹಿಂಗ ಮಾಡ್ತಾರ್ರಿ?”