ಕಡಿಮೆ ಎಂಬ ಮಾತಿಗೂ ಒಂದು ಕುರ್ಚಿ

ಲೋಟ ತೊಳೆಯುವ ಮೊದಲು ಮೂಸಿ ನೋಡುವುದು ನನಗೆ ಯಾವಾಗ ಅಭ್ಯಾಸವಾಯಿತೋ ತಿಳಿಯದು. ಕಾಫಿಯದಾಗಲಿ, ಮಜ್ಜಿಗೆಯದಾಗಲಿ, ನಲ್ಲಿಯ ಕೆಳಗೆ ಹಿಡಿಯುವ ಮುನ್ನ ಅದು ತಾನಾಗಿಯೇ ಮೂಗಿನ ಹತ್ತಿರ ಬಂದುಬಿಡುತ್ತದೆ. ಕುಡಿಯುವವರಿರುವ ಮನೆಯಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರು ಇದನ್ನೊಂದು ಬಗೆಯ ಅತಿಶುಚಿ ಎಂದುಕೊಂಡರೆ ಹಾಗೆಯೇ ಇರಲಿ. ಒಮ್ಮೆ ಅಹಮದಾಬಾದಿನ ಬೋಡಕ್‌ದೇವ್‌ನ ಗೆಳತಿಯ ಮನೆಯಲ್ಲಿ ಹಬ್ಬದೂಟ ಮುಗಿಸಿ ಪಾತ್ರೆಗಳಿಗೆ ಕೈಹಚ್ಚಿದಾಗ ಅವಳ ಅತ್ತೆಯವರ ಲೋಟವನ್ನೂ ಮೂಸಿಬಿಟ್ಟೆ. ಆಕೆ ಈರುಳ್ಳಿಯನ್ನು ಕೂಡ ಮುಟ್ಟದ ಮಡಿ ಹೆಂಗಸು. ಗೆಳತಿ ನಕ್ಕಳು, ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಮೂಗಿಗೂ ಒಂದಿಷ್ಟು ರಜೆ ಬೇಕಾಗಿದೆ ಎಂದು ಅನ್ನಿಸುತ್ತಲೇ ಇತ್ತು.

ನಾವು ಧಾರವಾಡದ ಕಡೆಯವರು. ಯಜಮಾನರದು ರೈಲ್ವೆ ನೌಕರಿ. ವರ್ಗವಾಗಿ ಅಹಮದಾಬಾದಿಗೆ ಬಂದು ಮಣಿನಗರದ ಸ್ಟೇಷನ್ನಿನ ಸದ್ದು ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಮನೆ ಮಾಡಿಕೊಂಡೆವು. ನನ್ನ ತಮ್ಮ ಶ್ರೀಧರ ಸೂರತ್ತಿನ ಪಾಂಡೇಸರಾದಲ್ಲಿ, ಸೀರೆಗಳಿಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಬಣ್ಣ ಹೊಂದಿಸುವ ಕೆಲಸಕ್ಕಿದ್ದ. ಮದುವೆಯಾಗಿರಲಿಲ್ಲ, ಒಂದು ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದ. ಕುಡಿದು ಕುಡಿದು ಬೆಳಗಿನ ಹೊತ್ತು ಅವನ ಕೈ ನಡುಗಲು ಶುರುವಾದಾಗ ಮಿಲ್ಲಿನವರು, ಸುಧಾರಿಸಿಕೊಂಡು ಬಾ ಎಂದು ಕಳಿಸಿಕೊಟ್ಟರು. ಅವನು ಒಂದು ಚೀಲ ಹಿಡಿದುಕೊಂಡು ನಮ್ಮಲ್ಲಿಗೆ ಬಂದ.

ಗುಜರಾತಿನಲ್ಲಿ ಪಾನನಿಷೇಧವಿದೆಯೆಂಬುದು ನಿಮಗೆ ಗೊತ್ತೇ ಇದೆ. ಕಾನೂನಿನ ಪ್ರಕಾರ ಇಲ್ಲಿ ಹೆಂಡವಿಲ್ಲ. ಹೆಂಡವಿಲ್ಲವಾದ್ದರಿಂದ ಕುಡುಕರೂ ಇಲ್ಲ. ಕುಡುಕರಿಲ್ಲವಾದ್ದರಿಂದ ಕುಡುಕರ ಅಕ್ಕಂದಿರು ಇರುವ ಪ್ರಶ್ನೆಯೇ ಏಳುವುದಿಲ್ಲ. ಹೊರರಾಜ್ಯದ ಬಾಟಲಿಯಾಗಲಿ, ಇಲ್ಲಿಯೇ ಕಾಸಿದ ಸಾರಾಯಿಯಾಗಲಿ, ಸಿಗುವುದೆಲ್ಲ ಕದ್ದು ಸಿಗುತ್ತದೆ. ಪ್ಲಾಸ್ಟಿಕ್ ಪೊಟ್ಟಣದೊಳಗೆ ಏನಿದೆ, ಯಾರು ಎಲ್ಲಿ ಕಾಸಿದ್ದು, ಕುಡಿದವನು ನಾಳೆ ಏಳುತ್ತಾನೋ ಇಲ್ಲವೋ ಎಂಬುದು ಮಾರುವವನಿಗೂ ತಿಳಿದಿರುವುದಿಲ್ಲ. ಕದ್ದು ಕುಡಿಯುವವನು ಕದ್ದೇ ನರಳುತ್ತಾನೆ.

ಇಂಥವರಿಗಾಗಿ ಮಣಿನಗರದ ಒಂದು ದವಾಖಾನೆಯ ಮೇಲಿನ ಮಹಡಿಯಲ್ಲಿ ಭಾನುವಾರ ಸಂಜೆ ಒಂದು ಕೂಟ ಸೇರುತ್ತಿತ್ತು. ಅದನ್ನು ನಡೆಸುತ್ತಿದ್ದವರು ಮಹೇಂದ್ರಭಾಯಿ. ಬಟ್ಟೆ ಅಂಗಡಿಯವರು, ಒಂದು ಕಾಲದಲ್ಲಿ ಕುಡಿತದಿಂದ ಮನೆಮಠ ಕಳೆದುಕೊಂಡವರು, ಬಿಟ್ಟು ಬಹಳ ವರ್ಷಗಳಾದವರು. ಅಲ್ಲಿನ ನಿಯಮ ಸರಳ. ಬಿಟ್ಟವರು ವೃತ್ತದಲ್ಲಿ ಕೂತು ಮಾತಾಡುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಬಿಟ್ಟು ಮತ್ತೆ ಕುಡಿದವರು ಗೋಡೆಯ ಪಕ್ಕದ ಸಾಲಿನಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ, ಪುನಃ ಬಿಡುವವರೆಗೆ ಅವರಿಗೆ ಮಾತಿಲ್ಲ. ಮನೆಯವರೂ ಜೊತೆಗೆ ಬರಬಹುದಾದ್ದರಿಂದ ನಾನೂ ಹೋಗುತ್ತಿದ್ದೆ.

ಶ್ರೀಧರ ಮೊದಲ ಸಲ ಎದ್ದುನಿಂತು ಬಿಟ್ಟೆನೆಂದಾಗ ಬಿದ್ದ ಚಪ್ಪಾಳೆಗೆ ಅವನ ಮುಖ ಬಾಲ್ಯದಲ್ಲಿದ್ದ ಹಾಗೆ ಅರಳಿತು. ಮುಂದಿನ ವಾರವೂ ಹಾಗೇ ಹೇಳಿದ, ಅದರ ಮುಂದಿನ ವಾರವೂ. ಅಷ್ಟರಲ್ಲಿ ಅವನು ಮತ್ತೆ ಕುಡಿಯಲು ಶುರುಮಾಡಿಯಾಗಿತ್ತು. ನನ್ನ ಮೂಗಿಗೆ ಗೊತ್ತಾಗಿತ್ತು. ಬಾಯಿಗೆ ಹೇಳುವ ತ್ರಾಣವಿರಲಿಲ್ಲ. "ಚಪ್ಪಾಳಿ ಕೇಳಿದ್ರ ಹೊಟ್ಟ್ಯಾಗ ಕಲ್ಲು ಬಿದ್ದಂಗ ಆಗ್ತಿತ್ತು ಅಕ್ಕಾ" ಎಂದು ಆಮೇಲೊಮ್ಮೆ ಹೇಳಿದ. ಆ ಕಲ್ಲನ್ನು ಹೊರಲಾರದೆ, ಹೇಳಿದ್ದನ್ನು ನಿಜ ಮಾಡಿಬಿಡುತ್ತೇನೆಂದು, ಯಾರಿಗೂ ತಿಳಿಸದೆ ಒಂದು ದಿನ ಇದ್ದಕ್ಕಿದ್ದಂತೆ ಕುಡಿತವನ್ನು ಪೂರ್ತಿಯಾಗಿ ನಿಲ್ಲಿಸಿಬಿಟ್ಟ.

ಅದಾದ ಮಾರನೆಯ ದಿನವೋ ಮೂರನೆಯ ದಿನವೋ, ಬೆಳಗ್ಗೆ ನನಗೆ ನೆರವಾಗಲೆಂದು ಅಡುಗೆಮನೆಯಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದ. ಒಗ್ಗರಣೆಗೆ ಎಣ್ಣೆಯಿಟ್ಟು ತಿರುಗಿ ನೋಡುತ್ತೇನೆ, ಕಣ್ಣು ಮೇಲೆ ಸಿಕ್ಕಿಕೊಂಡು, ಹಲ್ಲು ಕಚ್ಚಿ, ಮೈಯೆಲ್ಲ ಸೆಟೆದು ಈಳಿಗೆಮಣೆಯ ಪಕ್ಕದಲ್ಲೇ ಉರುಳಿದ್ದಾನೆ. ಮಣೆಯನ್ನು ಕಾಲಿನಿಂದ ದೂರ ಒದ್ದು ಅವನ ತಲೆಯ ಕೆಳಗೆ ಕೈಯಿಟ್ಟೆ. ಯಜಮಾನರು ಸ್ನಾನದಿಂದ ಹಾಗೆಯೇ ಓಡಿಬಂದರು. ಎಣ್ಣೆ ಸುಟ್ಟ ಹೊಗೆ ಅಡುಗೆಮನೆಯನ್ನೆಲ್ಲ ತುಂಬಿಕೊಂಡಿತು.

ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದ ಮೇಲೆ ಡಾಕ್ಟರು, ನನ್ನ ಮಗಳಾಗಬಹುದಾದ ವಯಸ್ಸಿನವರು, ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: "ಇಷ್ಟು ವರ್ಷ ಕುಡಿದ ಮೈಗೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ಔಷಧಿ ಕೊಟ್ಟು, ಮೇಲೆ ಕಣ್ಣಿಟ್ಟು ಇಳಿಸಬೇಕು. ಯಾರಿಗಾದರೂ ಹೇಳಬಾರದಿತ್ತೇ?"

ಶ್ರೀಧರ ಗೋಡೆಯ ಕಡೆ ತಿರುಗಿ, "ಯಾರಿಗೆ?" ಎಂದ.

ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕನ್ನಡದಲ್ಲಿ ನಾವು 'ಬಿಡು' ಎನ್ನುತ್ತೇವೆ, 'ಬಿಡುವು' ಎಂದೂ ಎನ್ನುತ್ತೇವೆ. ಒಂದೇ ಬೇರಿನ ಮಾತುಗಳು. ಆದರೆ ಕುಡಿತ ಬಿಡು ಬಿಡು ಎಂದು ಬೆನ್ನು ಬಿದ್ದವರಾಗಲಿ, ಬೀಳಿಸಿಕೊಂಡವನಾಗಲಿ ಒಂದು ಗಳಿಗೆಯ ಬಿಡುವನ್ನು ಕಂಡದ್ದಿಲ್ಲ. ಚಟಕ್ಕೂ ಹಟಕ್ಕೂ ನಡುವೆ ಒಂದೇ ಅಕ್ಷರ. ಅವನಿಗೆ ಚಟ, ನಮಗೆಲ್ಲ ಹಟ: ಪೂರ್ತಿ ಬಿಟ್ಟರೆ ಮಾತ್ರ ಅವನು ನಮ್ಮವನು, ಇಲ್ಲವಾದರೆ ಗೋಡೆಯ ಪಕ್ಕದವನು. ಸಕ್ಕರೆ ಕಾಯಿಲೆಯವರು ಒಂದು ಹೋಳಿಗೆ ತಿಂದರೆಂದು ಯಾವ ಡಾಕ್ಟರೂ ಬಾಗಿಲು ಹಾಕಿಕೊಳ್ಳುವುದಿಲ್ಲವಲ್ಲ! ಮುಳುಗುತ್ತಿರುವವನಿಗೆ ದಡ ಮುಟ್ಟಿದ ಮೇಲೆ ಕೈ ಕೊಡುತ್ತೇವೆ ಎನ್ನುವುದು ಎಂಥ ಈಜಿನ ಪಾಠ? ಹೀಗೆಲ್ಲ ಯೋಚಿಸಿ ಯೋಚಿಸಿ ದಣಿದಿದ್ದೆ. ದಣಿವು ಕೆಲವೊಮ್ಮೆ ಧೈರ್ಯದ ಕೆಲಸ ಮಾಡುತ್ತದೆ, ಏಕೆಂದರೆ ದಣಿದವರಿಗೆ ಮುಚ್ಚಿಡುವ ಶಕ್ತಿಯೂ ಉಳಿದಿರುವುದಿಲ್ಲ.

ಆ ಭಾನುವಾರ ನಾನೊಬ್ಬಳೇ ಕೂಟಕ್ಕೆ ಹೋಗಿ, ನಡೆದದ್ದನ್ನೆಲ್ಲ ನನ್ನ ಮುರುಕು ಹಿಂದಿಯಲ್ಲಿ ಹೇಳಿ, ಕೇಳಿದೆ: "ಪೂರ್ತಿ ಬಿಡಲಾರೆ, ಕಡಿಮೆ ಮಾಡುತ್ತೇನೆ ಅನ್ನುವವನಿಗೂ ಇಲ್ಲೊಂದು ಕುರ್ಚಿ ಕೊಡಲಾಗದೇ?"

ಮಹೇಂದ್ರಭಾಯಿ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ತಂಗಿಗೆ ಹೇಳುವ ಹಾಗೆ ಹೇಳಿದರು: "ಬೆನ್, 'ಸ್ವಲ್ಪ' ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಇವತ್ತಿಗೂ ನನ್ನ ಬಾಯಲ್ಲಿ ನೀರೂರುತ್ತದೆ. ನಿಮ್ಮ ತಮ್ಮ ಒಳಗೆ ಬರಲೆಂದು ನಾನು ಬಾಗಿಲು ತೆರೆದರೆ, ಅದೇ ಬಾಗಿಲಿನಿಂದ ನಾನು ಹೊರಗೆ ಹೋಗಿಬಿಡುತ್ತೇನೆ. ಹೋದರೆ ಮತ್ತೆ ಬರುವುದಿಲ್ಲ."

ಅವರ ಮಾತೂ ನಿಜವಾಗಿತ್ತು. ನಮ್ಮ ಹುಡುಗನನ್ನು ಉಳಿಸಲು ಇನ್ನೊಬ್ಬರ ಊರುಗೋಲು ಕಸಿದುಕೊಳ್ಳಲು ನಾನು ಯಾರು?

ಆಗ ಹಿಂದಿನಿಂದ ಸರೋಜ್‌ಬೆನ್ ಮಾತಾಡಿದರು. ಗಂಡನನ್ನು ಕಳೆದುಕೊಂಡ ಮೇಲೂ ಪ್ರತಿವಾರ ಬಂದು, ಎಲ್ಲರಿಗೂ ಚಹಾ ಕೊಟ್ಟು, ಸುಮ್ಮನೆ ಕೂತು ಹೋಗುವ ಹೆಂಗಸು ಅವರು. "ನಮ್ಮವರು ಆ ಗೋಡೆಯ ಸಾಲಿನಲ್ಲಿ ಕೂರುತ್ತಿದ್ದರು" ಎಂದರು. "ನಾಚಿಕೆಯಾಗಿ ಬರುವುದನ್ನು ಬಿಟ್ಟರು; ಕುಡಿಯುವುದನ್ನು ಬಿಡಲಿಲ್ಲ. ಕೋಣೆಯ ಚಿಲಕ ಹಾಕಿಕೊಂಡು ಒಬ್ಬರೇ ಕುಡಿದರು. ಮಾತಾಡಲು ಬಿಟ್ಟಿದ್ದರೆ ಬದುಕುತ್ತಿದ್ದರು ಅಂತ ನಾನು ಹೇಳುವುದಿಲ್ಲ, ಮಹೇಂದ್ರಭಾಯಿ. ಆದರೆ ಬರುತ್ತಿದ್ದರು."

ಮಹೇಂದ್ರಭಾಯಿ ಎದ್ದು ಮೆಟ್ಟಿಲಿಳಿದು ಹೋದರು. ಸಭೆ ಹಾಗೆಯೇ ಚದುರಿತು. ಒಳ್ಳೆಯ ಮನುಷ್ಯನನ್ನು ನೋಯಿಸಿದೆನೆಂದುಕೊಂಡು ನಾನು ಮನೆಗೆ ಬಂದೆ.

ಮುಂದಿನ ವಾರ ಶ್ರೀಧರನನ್ನು ಕರೆದುಕೊಂಡು ಹೋದಾಗ ಗೋಡೆಯ ಪಕ್ಕದ ಕುರ್ಚಿಗಳು ಅಲ್ಲಿರಲಿಲ್ಲ, ವೃತ್ತ ದೊಡ್ಡದಾಗಿತ್ತು. ಮಹೇಂದ್ರಭಾಯಿ ನಿಂತೇ ಹೇಳಿದರು: "ಮೊದಲು ಬಿಟ್ಟವರು ಮಾತಾಡಲಿ. ಆಮೇಲೆ ಬಿಡಲಾಗದವರು. ಕೆಳಗಿನ ದವಾಖಾನೆಯ ಡಾಕ್ಟರನ್ನು ಕೇಳಿಕೊಂಡಿದ್ದೇನೆ, ಮೇಲೆ ಬಂದು ಅವರ ಜೊತೆ ಕೂರುತ್ತಾರೆ. ನನಗೆ ತಡೆಯಲಾಗದಿದ್ದರೆ ಬಾಲ್ಕನಿಗೆ ಹೋಗುತ್ತೇನೆ. ಯಾರೂ ಕರೆಯಬೇಡಿ."

ಶ್ರೀಧರನ ಸರದಿ ಬಂತು. "ನಾನು ಬಿಟ್ಟಿಲ್ಲ" ಎಂದು ಶುರುಮಾಡಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎದ್ದು ಹೋಗಲೂ ಇಲ್ಲ. ಪೊಟ್ಟಣದ ಸಾರಾಯಿ ಮುಟ್ಟುವುದಿಲ್ಲ, ಖಾಲಿ ಹೊಟ್ಟೆಯಲ್ಲಿ ಕುಡಿಯುವುದಿಲ್ಲ, ಚಿಲಕ ಹಾಕಿಕೊಂಡು ಕುಡಿಯುವುದಿಲ್ಲ, ಡಾಕ್ಟರು ಹೇಳಿದಂತೆ ಔಷಧಿಯ ಜೊತೆ ಇಳಿಸುತ್ತಾ ಬರುತ್ತೇನೆ ಎಂದ. ಎಂಥ ಸಣ್ಣ ಪ್ರತಿಜ್ಞೆಗಳು! ಆದರೆ ಅವನ ಬಾಯಿಂದ ಬಹಳ ಕಾಲದ ಮೇಲೆ ನಾನು ಕೇಳಿದ, ನಂಬಬಹುದಾದ ಮಾತುಗಳು ಅವೇ. ಮಹೇಂದ್ರಭಾಯಿ ಬಾಲ್ಕನಿಯಲ್ಲಿ ನಮಗೆ ಬೆನ್ನು ಹಾಕಿ, ಕಟಕಟೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ನಿಂತಿದ್ದರು. ರೈಲೊಂದು ಹಾದುಹೋಗುವವರೆಗೆ ಅವರು ಅಲುಗಲಿಲ್ಲ. ಒಳಗೆ ಬಂದವರು ಸರೋಜ್‌ಬೆನ್ ಕೈಯಿಂದ ಚಹಾ ತೆಗೆದುಕೊಂಡು ಮೊದಲು ಶ್ರೀಧರನಿಗೆ ಕೊಟ್ಟರು.

ಇದನ್ನು ಗೆಲುವೆಂದು ಹೇಳಿ ನಿಮ್ಮನ್ನು ಮೆಚ್ಚಿಸಲು ನನಗೆ ಮನಸ್ಸಿಲ್ಲ. ಆ ಕೂಟದ ಇಬ್ಬರು ಈ ಹೊಸ ಪದ್ಧತಿ ಸರಿಬರದೆ ಬೇರೆ ಕಡೆ ಹೋದರು, ಅವರದು ತಪ್ಪೆನ್ನಲಾರೆ. ಶ್ರೀಧರ ಇಳಿಸಿದ, ಏರಿಸಿದ, ಮತ್ತೆ ಇಳಿಸಿದ. ಕೆಲವು ವಾರ ಒಂದು ಹನಿಯನ್ನೂ ಮುಟ್ಟಲಿಲ್ಲ, ಕೆಲವು ವಾರ ಅವನ ಮುಖ ನೋಡುವ ಹಾಗಿರಲಿಲ್ಲ. ಆದರೂ ಭಾನುವಾರ ತಪ್ಪಿಸಲಿಲ್ಲ. ಕೈ ನಡುಕ ನಿಂತ ಮೇಲೆ ಮಿಲ್ಲಿನವರು ಮತ್ತೆ ಕರೆದರು. ಈಗ ಪಾಂಡೇಸರಾದಲ್ಲಿ ಜೊತೆ ಕೆಲಸದ ರಮೇಶನೊಡನೆ ಇದ್ದಾನೆ. ಅಲ್ಲಿಯೂ ಒಬ್ಬ ಡಾಕ್ಟರನ್ನು ಗೊತ್ತುಮಾಡಿಕೊಂಡಿದ್ದಾನೆ. ನನ್ನ ದಣಿವು ಪೂರ್ತಿ ಹೋಗಿದೆಯೇ ಎಂದು ಕೇಳಬೇಡಿ. ಅದೂ ಕಡಿಮೆಯಾಗಿದೆ, ಅಷ್ಟೇ.

ಮೊನ್ನೆ ಸಂಜೆ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಅವನ ಫೋನು ಬಂತು.

"ಅಕ್ಕಾ, ಇವತ್ತ ಕುಡದೀನಿ."

"ಊಟ ಆತೇನು?"

"ಆತು. ರಮೇಶ ಇಲ್ಲೇ ಬಾಜೂಕ ಕೂತಾನ. ಬಾಗಲಾ ತಗದದ."

"ನಾಳೆ ಡಾಕ್ಟರ್ ಕಡೆ ಹೋಗ್ತಿಯಲ್ಲಾ?"

"ಹೋಗ್ತೀನಿ. ನಿನಗ ಹೇಳೂಣು ಅಂತ ಮಾಡಿದೆ, ಅಷ್ಟ."

ಫೋನಿಟ್ಟೆ. ಪೇಪರು ಓದುತ್ತಿದ್ದ ಯಜಮಾನರು ತಲೆಯೆತ್ತಿ, "ಏನಂತ ಶ್ರೀಧರಂದು?" ಎಂದು ಕೇಳಿದರು.

"ಕುಡದಾನಂತ" ಎಂದೆ.

ಅವರು ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು. ದೂರದ ಊರಿಗೆ ಹೊರಟವರು ಸುಖವಾಗಿ ಮುಟ್ಟಿದರಂತೆ ಎಂದು ಹೇಳುವ ದನಿಯಲ್ಲಿ ನಾನು ಆ ಮಾತು ಹೇಳಿದ್ದೆ.